ಹಾಡು ಹಾಕದ ರಾತ್ರಿ

ನಮಸ್ಕಾರ.

2023ರ ಮಾರ್ಚ್ 16, ಗುರುವಾರ ರಾತ್ರಿ. ಜಾಗ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್. ಅವತ್ತು ಅಲ್ಲಿ 88,084 ಜನ ಸೇರಿದ್ದರು. ಅವರಲ್ಲಿ ನಾನೂ ಇದ್ದೆ, ಆಗ ಹತ್ತು ವರ್ಷದ ನನ್ನ ಮಗಳೂ ಇದ್ದಳು. ಹತ್ತು ಗಂಟೆ ಸುಮಾರಿಗೆ ಆಟ ಮುಗಿದ ಸೈರನ್ ಕೂಗಿತು. ಯಾರೂ ಕುಣಿಯಲಿಲ್ಲ. ಯಾರೂ ತಲೆ ಮೇಲೆ ಕೈ ಹೊತ್ತು ಕೂರಲೂ ಇಲ್ಲ. ಎಲ್ಲರೂ ನಿಂತಲ್ಲೇ ನಿಂತು ಸ್ಕೋರ್ ಬೋರ್ಡ್ ನೋಡುತ್ತಿದ್ದರು. ರಿಚ್ಮಂಡ್ 58, ಕಾರ್ಲ್ಟನ್ 58.

ನಾನು ಹೇಳುತ್ತಿರುವುದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಬಗ್ಗೆ. ಇಲ್ಲಿನವರು ಅದನ್ನು ಪ್ರೀತಿಯಿಂದ ಫುಟಿ ಅನ್ನುತ್ತಾರೆ. ನಾವು ಮೆಲ್ಬರ್ನಿಗೆ ಬಂದ ಹೊಸದರಲ್ಲಿ ನನಗೆ ಈ ಎಂ.ಸಿ.ಜಿ. ಅಂದರೆ ಕ್ರಿಕೆಟ್, ಅಷ್ಟೇ. ನಮ್ಮ ಕೆ.ಎಲ್. ರಾಹುಲ್ ಮೊದಲ ಟೆಸ್ಟ್ ಆಡಿದ್ದು ಇಲ್ಲೇ ಅಲ್ವಾ, 2014ರ ಬಾಕ್ಸಿಂಗ್ ಡೇ ಟೆಸ್ಟ್. ನಾಲ್ಕು ವರ್ಷ ಆದ ಮೇಲೆ ಅದೇ ದಿನ, ಅದೇ ಮೈದಾನದಲ್ಲಿ ಮಯಾಂಕ್ ಅಗರವಾಲ್ ತನ್ನ ಮೊದಲ ಟೆಸ್ಟಿನಲ್ಲೇ 76 ಹೊಡೆದ. ಆದರೆ ಕ್ರಿಕೆಟ್ ಇಲ್ಲಿ ಬೇಸಿಗೆಯ ನೆಂಟ. ಮಾರ್ಚ್ ಬಂತು ಅಂದರೆ ಮೈದಾನದ ಎರಡೂ ಕಡೆ ನಾಲ್ಕು ನಾಲ್ಕು ಉದ್ದದ ಕಂಬ ನಿಲ್ಲುತ್ತವೆ. ಆಮೇಲೆ ಸೆಪ್ಟೆಂಬರ್ ತನಕ ಊರಿನ ಮಾತೆಲ್ಲ ಫುಟಿಯದೇ. ಆಫೀಸಿನಲ್ಲಿ, ಟ್ರಾಮಿನಲ್ಲಿ, ತರಕಾರಿ ಅಂಗಡಿಯ ಸಾಲಿನಲ್ಲಿ, ಎಲ್ಲಿ ಹೋದರೂ ಒಂದೇ ಪ್ರಶ್ನೆ: ನಿಮ್ಮದು ಯಾವ ಟೀಮು?

ಇದು ಈ ಊರಲ್ಲೇ ಹುಟ್ಟಿದ ಆಟ. ನಿಯಮ ಬರೆದದ್ದು 1859ರಲ್ಲಿ. ಕಾರ್ಲ್ಟನ್ ಕ್ಲಬ್ ಶುರುವಾಗಿದ್ದು 1864ರಲ್ಲಿ, ರಿಚ್ಮಂಡ್ 1885ರಲ್ಲಿ. ಎರಡೂ ಮೆಲ್ಬರ್ನಿನ ಹಳೇ ಬಡಾವಣೆಗಳ ಹೆಸರು. ಪ್ರತಿ ವರ್ಷ ಮಾರ್ಚ್ ತಿಂಗಳ ಒಂದು ಗುರುವಾರ ರಾತ್ರಿ ಈ ಎರಡು ಟೀಮುಗಳು ಎದುರಾದರೆ ಸೀಸನ್ ಶುರು ಅಂತ ಜನ ಲೆಕ್ಕ ಇಟ್ಟುಕೊಂಡಿದ್ದರು.

ಆಟದ ಲೆಕ್ಕ ಒಂಚೂರು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆ ರಾತ್ರಿಯ ರುಚಿ ಸಿಗುವುದಿಲ್ಲ. ಒಂದು ಕಡೆ 18 ಜನ. ಚೆಂಡು ಮೊಟ್ಟೆಯ ಹಾಗೆ ಉದ್ದ. ಅದನ್ನು ಒದೆಯಬಹುದು, ಇಲ್ಲವೇ ಒಂದು ಅಂಗೈ ಮೇಲೆ ಇಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಬಹುದು. ಎಸೆಯುವ ಹಾಗಿಲ್ಲ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, 6 ಅಂಕ. ಅದರ ಪಕ್ಕದ ಸಣ್ಣ ಕಂಬಗಳ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಅಂಕ. ಅಂದರೆ ಗುರಿ ತಪ್ಪಿದರೂ ಪೂರ್ತಿ ಬರಿಗೈ ಅಲ್ಲ. ಆ ರಾತ್ರಿ ರಿಚ್ಮಂಡ್ 8 ಗೋಲ್, 10 ಬಿಹೈಂಡ್. ಕಾರ್ಲ್ಟನ್ನೂ 8 ಗೋಲ್, 10 ಬಿಹೈಂಡ್. ಮೊತ್ತ ಮಾತ್ರ ಸಮ ಅಂದುಕೊಳ್ಳಬೇಡಿ, ಹೊಡೆದದ್ದೂ ಸಮ, ತಪ್ಪಿಸಿದ್ದೂ ಸಮ.

ನನ್ನ ಮಗಳು ರಿಚ್ಮಂಡ್. ಯಾಕೆ ಅಂದರೆ ಅವಳ ಶಾಲೆಯ ಗೆಳತಿ ರಿಚ್ಮಂಡ್. ಇಲ್ಲಿ ಟೀಮು ಬರುವುದೇ ಹಾಗೆ, ಮನೆಯಿಂದ ಇಲ್ಲವೇ ಪಕ್ಕದ ಡೆಸ್ಕಿನಿಂದ. ಹಳದಿ ಕಪ್ಪು ಸ್ಕಾರ್ಫ್ ಕೊಡಿಸಿದ್ದೆ. ಮಾರ್ಚ್ ಸೆಕೆಯಲ್ಲಿ ಉಣ್ಣೆಯ ಸ್ಕಾರ್ಫ್ ಬೇಡ ಅಂದರೂ ಕೇಳಲಿಲ್ಲ, ಮಧ್ಯಾಹ್ನದಿಂದ ಕತ್ತಿನಲ್ಲೇ ಇತ್ತು. ರಿಚ್ಮಂಡ್ ಸ್ಟೇಷನ್ನಿನಲ್ಲಿ ಇಳಿದಾಗ ಜನವೋ ಜನ. ಜಾತ್ರೆಗೆ ಹೋದ ಹಾಗೆ ಸುಮ್ನೆ ಹೆಜ್ಜೆ ಎತ್ತಿದರೆ ಸಾಕು, ಅವರೇ ಮುಂದಕ್ಕೆ ಒಯ್ಯುತ್ತಾರೆ. ಹಳದಿ ಕಪ್ಪಿನವರು, ಕಡುನೀಲಿಯವರು, ಎಲ್ಲ ಒಟ್ಟಿಗೆ. ಗೇಟಿನ ಹತ್ತಿರ ಆಟದ ಪುಸ್ತಕ ಮಾರುವವರು 'ರೆಕಾರ್ಡ್, ಫುಟಿ ರೆಕಾರ್ಡ್' ಅಂತ ಕೂಗುತ್ತಿದ್ದರು. ಆ ಪುಸ್ತಕ 1912ರಿಂದ ಬರುತ್ತಿದೆ. ಒಂದು ಕೊಂಡೆ.

ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ವಿಷಯ ಇಲ್ಲೇ ಹೇಳಬೇಕು. ಯುರೋಪಿನ ಫುಟ್‌ಬಾಲ್ ಮೈದಾನಗಳಲ್ಲಿ ಹೊರಗಿನ ಟೀಮಿನ ಬೆಂಬಲಿಗರಿಗೆ ಬೇರೆ ಮೂಲೆ ಕೊಡುತ್ತಾರೆ, ಮಧ್ಯೆ ಪೊಲೀಸರು ನಿಂತಿರುತ್ತಾರೆ. ಇಲ್ಲಿ ಹಾಗಲ್ಲ. ಕ್ಲಬ್ಬಿನ ಕಟ್ಟಾ ಅಭಿಮಾನಿಗಳ ಗುಂಪು ಗೋಲ್ ಹಿಂದೆ ಒಟ್ಟಿಗೆ ಕೂರುತ್ತದೆ, ಅದು ಬಿಟ್ಟರೆ ಉಳಿದವರೆಲ್ಲ ಬೆರಕೆ. ನಿಮ್ಮ ಎಡಕ್ಕೆ ನಿಮ್ಮವರು, ಬಲಕ್ಕೆ ಆ ಕಡೆಯವರು. ಗಂಡ ಒಂದು ಟೀಮು, ಹೆಂಡತಿ ಇನ್ನೊಂದು, ಮಗು ಇಬ್ಬರ ಮಧ್ಯೆ ಯಾರ ಸ್ಕಾರ್ಫ್ ಹಾಕಿಕೊಳ್ಳುವುದು ಅಂತ ಒದ್ದಾಟ. ಇದನ್ನೆಲ್ಲ ನಮ್ಮ ಮುಂದಿನ ಸಾಲಿನಲ್ಲೇ ನೋಡಿದೆ.

ನಮ್ಮ ಬಲಗಡೆ ಕೂತಿದ್ದವರು ಅರವತ್ತು ದಾಟಿದ ಒಬ್ಬ ಹಿರಿಯರು. ಕಾರ್ಲ್ಟನ್ನಿನವರು. ಕೈಯಲ್ಲಿ ಹೆಣೆದ ಕಡುನೀಲಿ ಸ್ಕಾರ್ಫ್, ಬಣ್ಣ ಮಾಸಿ ತುದಿಯ ಎಳೆ ಬಿಟ್ಟಿತ್ತು. ಕಾಲಿನ ಹತ್ತಿರ ಒಂದು ಚೀಲ. ಅದರಲ್ಲಿ ಫ್ಲಾಸ್ಕಿನಲ್ಲಿ ಟೀ, ಫಾಯಿಲ್ ಸುತ್ತಿದ ಚೀಸ್ ಸ್ಯಾಂಡ್‌ವಿಚ್. ಎಡಗಿವಿಗೆ ಮಾತ್ರ ಇಯರ್‌ಫೋನ್, ಅದರ ವೈರು ಅಂಗಿಯ ಜೇಬಿನಲ್ಲಿದ್ದ ಪುಟ್ಟ ರೇಡಿಯೋಗೆ. ಕಣ್ಣೆದುರೇ ಆಟ ನಡೆಯುತ್ತಿದ್ದರೂ ರೇಡಿಯೋ ಬೇಕು! ಯಾಕೆ ಅಂತ ಕೇಳಿದೆ. ದೂರದ ಮೂಲೆಯಲ್ಲಿ ಯಾರು ಚೆಂಡು ಹಿಡಿದರು ಅನ್ನುವುದು ರೇಡಿಯೋದವರಿಗೇ ಮೊದಲು ಗೊತ್ತಾಗುತ್ತದೆ, ಎಷ್ಟು ಹೊತ್ತು ಉಳಿದಿದೆ ಅಂತಲೂ ಅವರೇ ಹೇಳುತ್ತಾರೆ ಅಂದರು. ಒಂದು ಕ್ವಾರ್ಟರ್ 20 ನಿಮಿಷ ಅಂತ ಹೆಸರಿಗೆ. ಆಟ ನಿಂತಾಗೆಲ್ಲ ಗಡಿಯಾರವೂ ನಿಲ್ಲುವುದರಿಂದ ಅದು ಅರ್ಧ ಗಂಟೆಯ ಹತ್ತಿರ ಹೋಗುತ್ತದೆ. ರೇಡಿಯೋ ಕೇಳಿ ಬೆಳೆದ ನನಗೆ ಅವರ ಮಾತು ಕೇಳಿ ಎಷ್ಟು ಖುಷಿಯಾಯಿತು ಅಂತ ಈ ಮೈಕಿನ ಮುಂದೆ ಬೇರೆ ಹೇಳಬೇಕಾಗಿಲ್ಲ.

ಆ ಹಿರಿಯರು 1970ರ ಗ್ರ್ಯಾಂಡ್ ಫೈನಲ್‌ಗೆ, ಅಂದರೆ ಸೀಸನ್ನಿನ ಕಟ್ಟಕಡೆಯ ಆಟಕ್ಕೆ, ಅಪ್ಪನ ಜೊತೆ ಬಂದಿದ್ದರಂತೆ, ಚಿಕ್ಕ ಹುಡುಗ ಆಗ. ಆ ದಿನ ಇದೇ ಮೈದಾನದಲ್ಲಿ 1,21,696 ಜನ. ಅರ್ಧ ಆಟಕ್ಕೆ ಕಾರ್ಲ್ಟನ್ 44 ಅಂಕ ಹಿಂದೆ, ಕೊನೆಗೆ ಕಾಲಿಂಗ್‌ವುಡ್ ವಿರುದ್ಧ ಗೆದ್ದರು. ಕಾರ್ಲ್ಟನ್ನಿಗೆ ಒಟ್ಟು 16 ಪ್ರೀಮಿಯರ್‌ಶಿಪ್, ಅಂದರೆ ಚಾಂಪಿಯನ್ ಪಟ್ಟ, ಇದೆ. ಕೊನೆಯದು 1995ರಲ್ಲಿ. ಇತ್ತ ರಿಚ್ಮಂಡ್ 37 ವರ್ಷ ಕಾದು 2017ರಲ್ಲಿ ಗೆದ್ದು, ಮತ್ತೆ 2019, 2020ರಲ್ಲೂ ಗೆದ್ದುಬಿಟ್ಟಿತು. ಅವರು ಮಗಳ ಸ್ಕಾರ್ಫ್ ನೋಡಿ, "ನೀನು ಪುಣ್ಯವಂತೆ, ಹುಟ್ಟಿದ ಮೇಲೆ ಮೂರು ಕಪ್ ನೋಡಿದ್ದೀಯ" ಅಂದರು. ಆ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ.

ಆಟಗಾರರು ಮೈದಾನಕ್ಕೆ ಬರುವ ಮುಂಚೆ ಅಭಿಮಾನಿಗಳು ಕ್ರೇಪ್ ಕಾಗದದ ದೊಡ್ಡ ಬ್ಯಾನರ್ ಎತ್ತಿ ಹಿಡಿಯುತ್ತಾರೆ. ದಿನಗಟ್ಟಲೆ ಕೂತು ಅಂಟಿಸಿದ್ದು. ಆಟಗಾರರು ಅದನ್ನು ಹರಿದುಕೊಂಡೇ ಒಳಗೆ ಓಡಿ ಬರುತ್ತಾರೆ. ಮೂರು ಸೆಕೆಂಡು, ಮುಗೀತು. ರಂಗೋಲಿ ಹಾಕಿ ತುಳಿಸಿಕೊಂಡ ಹಾಗೆ ಅನ್ನಿಸುತ್ತದೆ ನನಗೆ, ಆದರೆ ಅಂಟಿಸಿದವರ ಮುಖದಲ್ಲಿ ಹಬ್ಬ.

ಆಟ ಶುರುವಾಯಿತು. ರಿಚ್ಮಂಡ್‌ಗೆ ಆ ವರ್ಷ ಟಿಮ್ ಟರಾಂಟೋ, ಜೇಕಬ್ ಹಾಪರ್ ಹೊಸದಾಗಿ ಬಂದಿದ್ದರು. ಅವರು ಚೆಂಡು ಮುಟ್ಟಿದಾಗೆಲ್ಲ ಹಳದಿ ಕಪ್ಪಿನವರು ಹೊಸ ಸೊಸೆ ಮಾಡಿದ ಸಾರಿನ ರುಚಿ ನೋಡುವ ಹಾಗೆ ನೋಡುತ್ತಿದ್ದರು. ಚೆಂಡು ಹಿಡಿದವನನ್ನು ಎದುರಾಳಿ ತಬ್ಬಿ ಕೆಡವಿದರೆ ಸಾಕು, ಇಡೀ ಮೈದಾನ ಒಂದೇ ಗಂಟಲಲ್ಲಿ 'ಬಾ...ಲ್' ಅಂತ ಕೂಗುತ್ತದೆ. ಚೆಂಡು ಬಿಡಲಿಲ್ಲ, ಫ್ರೀ ಕಿಕ್ ಕೊಡು ಅಂತ ಅಂಪೈರಿಗೆ ಒತ್ತಾಯ. ಮಗಳೂ ಕೂಗಿದಳು, ಹಿರಿಯರೂ ಕೂಗಿದರು, ಒಮ್ಮೊಮ್ಮೆ ಒಬ್ಬರಾದ ಮೇಲೆ ಒಬ್ಬರು, ತಮ್ಮ ತಮ್ಮ ಕಡೆಗೆ.

ಅಂಕ ಜಾಸ್ತಿ ಏರಲಿಲ್ಲ. ಒದ್ದದ್ದೆಲ್ಲ ಪಕ್ಕಕ್ಕೆ ಹೋಗುತ್ತಿತ್ತು. ಅದಕ್ಕೇ ಕೊನೆಯ ಕ್ವಾರ್ಟರ್‌ನಲ್ಲಿ ಒಂದೊಂದು ಬಿಹೈಂಡಿಗೂ ಜೀವ ಬಾಯಿಗೆ ಬರುತ್ತಿತ್ತು. ಹಿರಿಯರು ಸ್ಕಾರ್ಫಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ರೇಡಿಯೋದಲ್ಲಿ ಕೇಳಿದ್ದನ್ನು ಮಗಳಿಗೂ ಹೇಳುತ್ತಿದ್ದರು. ಎರಡು ನಿಮಿಷ. ಒಂದು ನಿಮಿಷ. ಆಮೇಲೆ ಅವರ ಬಾಯಿಂದ ಮಾತೇ ನಿಂತಿತು. ಬರೀ ಬೆರಳು ತೋರಿಸುತ್ತಿದ್ದರು.

ಸೈರನ್.

ಗೆದ್ದ ಟೀಮಿನ ಹಾಡನ್ನು ಸೈರನ್ ಆದ ತಕ್ಷಣ ಮೈದಾನದ ಸ್ಪೀಕರಿನಲ್ಲಿ ಹಾಕುವುದು ಇಲ್ಲಿನ ಪದ್ಧತಿ. ಗೆದ್ದವರು ಎದ್ದು ನಿಂತು ಹಾಡುತ್ತಾರೆ, ಸೋತವರು ಚೀಲ ಎತ್ತಿಕೊಂಡು ಮೆಟ್ಟಿಲ ಕಡೆ ನಡೆಯುತ್ತಾರೆ. ಎರಡೂ ಎಲ್ಲರಿಗೂ ರೂಢಿ. ಆವತ್ತು ಹಾಡು ಬರಲಿಲ್ಲ. ಮೈದಾನದಲ್ಲಿ ಆಟಗಾರರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು, ಕೆಲವರು ಹುಲ್ಲಿನ ಮೇಲೆ ಕೂತುಬಿಟ್ಟರು. ನನ್ನ ಮಗಳು ತೋಳು ಎಳೆದು ಕೇಳಿದಳು, "ಅಮ್ಮ, ಈಗ ಯಾರ ಹಾಡು ಹಾಕ್ತಾರೆ?"

"ಗೊತ್ತಿಲ್ಲ ಪುಟ್ಟಿ, ತಡಿ" ಅಂದೆ.

ನಾವು ಕಾದೆವು. ನಮ್ಮ ಸಾಲಿನ ಎಲ್ಲರೂ ಕಾಯುತ್ತಿದ್ದರು, ಹಾಡು ಬರುವುದಿಲ್ಲ ಅಂತ ಗೊತ್ತಿದ್ದವರೂ. ಅದಕ್ಕೆ ಐದು ತಿಂಗಳ ಹಿಂದೆ, 2022ರ ಅಕ್ಟೋಬರ್ 23ರಂದು, ಇದೇ ಮೈದಾನದಲ್ಲಿ ಭಾರತ ಪಾಕಿಸ್ತಾನದ ಟಿ20 ನಡೆದಾಗ ನಾನು ಇಲ್ಲಿದ್ದೆ. 90,293 ಜನ. ಕೊಹ್ಲಿ 82 ಹೊಡೆದು ಔಟಾಗದೆ ಉಳಿದ ರಾತ್ರಿ. ಆ ಸದ್ದಿಗೆ ಕಾಲಡಿಯ ಕಾಂಕ್ರೀಟು ಅದುರಿದ್ದು ಇನ್ನೂ ನೆನಪಿದೆ. ಈಗ ಹೆಚ್ಚುಕಡಿಮೆ ಅಷ್ಟೇ ಜನ, ಆದರೆ ಪ್ಲಾಸ್ಟಿಕ್ ಸೀಟು ಮಡಚಿಕೊಳ್ಳುವ ಟಪ್ ಟಪ್ ಸದ್ದು ಕೇಳಿಸುತ್ತಿತ್ತು.

ಇದೇ ಎರಡು ಟೀಮು, ಇದೇ ಮೈದಾನ, ಇದೇ ಮಾರ್ಚ್ ಗುರುವಾರ, ಇನ್ನೊಂದು ಸಲವೂ ಸದ್ದಿಲ್ಲದೆ ಆಡಿದ್ದಿದೆ. 2020ರ ಮಾರ್ಚ್ 19. ಕೋವಿಡ್ ಬಂದು ಒಬ್ಬ ಪ್ರೇಕ್ಷಕನನ್ನೂ ಒಳಗೆ ಬಿಡಲಿಲ್ಲ. ರಿಚ್ಮಂಡ್ 105, ಕಾರ್ಲ್ಟನ್ 81. ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದೆವು. ಆಟಗಾರರು ಒಬ್ಬರನ್ನೊಬ್ಬರು ಕರೆಯುವುದು, ಬೂಟು ಚೆಂಡಿಗೆ ಬಡಿಯುವುದು, ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಖಾಲಿ ಸೀಟುಗಳು ಸಾಲು ಸಾಲು. ಮೂರು ದಿನ ಆದ ಮೇಲೆ ಸೀಸನ್ನೇ ನಿಲ್ಲಿಸಿದರು. ಮತ್ತೆ ಶುರುವಾಗಿದ್ದು ಜೂನ್‌ನಲ್ಲಿ, ಆ ವರ್ಷದ ಗ್ರ್ಯಾಂಡ್ ಫೈನಲ್ ಮೆಲ್ಬರ್ನ್ ಬಿಟ್ಟು ಬ್ರಿಸ್ಬೇನ್‌ಗೆ ಹೋಯಿತು. ಆ ಖಾಲಿ ಮೈದಾನ ನೋಡಿದ್ದವರಿಗೆ ಈ ರಾತ್ರಿಯ ಮೌನ ಬೇರೆ ಥರ ಕೇಳಿಸಿರಬೇಕು. ನನಗಂತೂ ಹಾಗೇ ಕೇಳಿಸಿತು. ಜನ ಇದ್ದರು, ಉಸಿರು ಬಿಗಿ ಹಿಡಿದುಕೊಂಡು ಇದ್ದರು.

ನಂತರ ಏನಾಯಿತು ಅಂದರೆ, ಮಾತು ಶುರುವಾಯಿತು. ಗೆದ್ದಿದ್ದರೆ ಹಾಡುತ್ತಿದ್ದವರು, ಸೋತಿದ್ದರೆ ಹೊರಟುಹೋಗುತ್ತಿದ್ದವರು, ಎಲ್ಲರೂ ಪಕ್ಕದವರ ಕಡೆ ತಿರುಗಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ನಾವು ಹೇಳುವುದಿಲ್ಲವೇ, ಅದೇ ಮುಖ ಇಬ್ಬರದೂ. ಕಾರ್ಲ್ಟನ್ನಿನವರು ತಾವು ತಪ್ಪಿಸಿದ ಹತ್ತನ್ನು ಒಂದೊಂದಾಗಿ ಎಣಿಸಿದರು. ರಿಚ್ಮಂಡಿನವರು ತಮ್ಮ ಹತ್ತನ್ನು. ಅಂಪೈರಿಗೆ ಎರಡೂ ಕಡೆಯಿಂದ ಬೈಗುಳ ಬಿತ್ತು. ಹಿರಿಯರು ಫ್ಲಾಸ್ಕ್ ತೆಗೆದು ಉಳಿದ ಟೀಯನ್ನು ಮುಚ್ಚಳಕ್ಕೆ ಸುರಿದು ನನಗೆ ಕೊಟ್ಟರು, ಮಗಳಿಗೆ ಅರ್ಧ ಸ್ಯಾಂಡ್‌ವಿಚ್. ಇಯರ್‌ಫೋನ್ ಕಿತ್ತು ಜೇಬಿಗೆ ಹಾಕಿಕೊಂಡರು. ರೇಡಿಯೋದವರಿಗೂ ಏನು ಹೇಳಬೇಕು ಅಂತ ತೋಚುತ್ತಿಲ್ಲ ಅಂದರು.

ರೈಲಿನಲ್ಲಿ ವಾದ ಜೋರಾಯಿತು. ಒಬ್ಬ ಹುಡುಗ, ಎಕ್ಸ್‌ಟ್ರಾ ಟೈಮ್ ಆಡಿಸಬೇಕಿತ್ತು, ಇದೇನು ಅರ್ಧಂಬರ್ಧ ಅಂತ ರೇಗುತ್ತಿದ್ದ. ಲೀಗ್ ಆಟದಲ್ಲಿ ಸಮ ಆದರೆ ಸಮವೇ, ಗೆಲುವಿನ 4 ಅಂಕವನ್ನು ಎರಡೆರಡು ಹಂಚಿಕೊಳ್ಳಬೇಕು. ಲೀಗ್ ಮುಗಿದ ಮೇಲೆ ಕಪ್‌ಗಾಗಿ ನಡೆಯುವ ಫೈನಲ್‌ಗಳ ಮಾತು ಬೇರೆ. 2010ರ ಗ್ರ್ಯಾಂಡ್ ಫೈನಲ್‌ನಲ್ಲಿ ಕಾಲಿಂಗ್‌ವುಡ್ 68, ಸೇಂಟ್ ಕಿಲ್ಡಾ 68 ಆಗಿ, ಮರುವಾರ ಇಡೀ ಆಟ ಮತ್ತೆ ಆಡಿದರು. ಎರಡನೇ ಸಲ ಕಾಲಿಂಗ್‌ವುಡ್ 56 ಅಂಕದಿಂದ ಗೆದ್ದಿತು. ಆಮೇಲೆ ನಿಯಮ ಬದಲಾಯಿತು, ಈಗ ಗ್ರ್ಯಾಂಡ್ ಫೈನಲ್‌ಗೆ ಎಕ್ಸ್‌ಟ್ರಾ ಟೈಮ್ ಇದೆ. ನನ್ನನ್ನು ಕೇಳಿದರೆ ಲೀಗ್ ಆಟವನ್ನು ಹೀಗೇ ಬಿಡಬೇಕು. ಎರಡು ಟೀಮು ಎರಡೂವರೆ ಗಂಟೆ ಹೊಡೆದಾಡಿ ಸಮ ಬಂದಿವೆ ಅಂದರೆ ಅದೇ ಆ ರಾತ್ರಿಯ ನಿಜ. ಇನ್ನು ಐದು ನಿಮಿಷ ಆಡಿಸಿ ಅದನ್ನು ಅಳಿಸುವುದು ಯಾಕೆ?

ಆ ವರ್ಷ ಎರಡೂ ಟೀಮಿನ ದಾರಿ ಬೇರೆಯಾಯಿತು. ರಿಚ್ಮಂಡಿನ ಕೋಚ್ ಡೇಮಿಯನ್ ಹಾರ್ಡ್‌ವಿಕ್ ಮೇ ತಿಂಗಳಲ್ಲಿ ಬಿಟ್ಟುಹೋದರು, ಟೀಮು ಹದಿಮೂರನೇ ಸ್ಥಾನಕ್ಕೆ ಇಳಿಯಿತು. ಟೀಮಿನ ಹಿರಿಯ ಆಟಗಾರರಾದ ಟ್ರೆಂಟ್ ಕಾಚಿನ್, ಜ್ಯಾಕ್ ರೀವೋಲ್ಟ್ ಇಬ್ಬರೂ ನಿವೃತ್ತರಾದರು. ಮಗಳು ಅವತ್ತು ಊಟ ಮಾಡಲಿಲ್ಲ. ಕಾರ್ಲ್ಟನ್ ಮಾತ್ರ ಐದನೇ ಸ್ಥಾನಕ್ಕೆ ಬಂದು, ಫೈನಲ್ಸ್‌ನಲ್ಲಿ ಎರಡು ಆಟ ಗೆದ್ದು, ಗ್ರ್ಯಾಂಡ್ ಫೈನಲ್‌ಗೆ ಒಂದೇ ಹೆಜ್ಜೆ ಇರುವಾಗ ಬ್ರಿಸ್ಬೇನ್ ಎದುರು ಸೋತಿತು. ಆ ಹಿರಿಯರನ್ನು ನೆನೆಸಿಕೊಂಡೆ.

2024ರಲ್ಲಿ ಸೀಸನ್ ಶುರುವಿನ ಆಟಗಳನ್ನು ಸಿಡ್ನಿಗೆ, ಕ್ವೀನ್ಸ್‌ಲ್ಯಾಂಡಿಗೆ ಒಯ್ದರು. ನಮ್ಮ ಗುರುವಾರವನ್ನು ಕಿತ್ತುಕೊಂಡರು ಅಂತ ಮೆಲ್ಬರ್ನಿನ ಎಷ್ಟೋ ಜನಕ್ಕೆ ಬೇಸರ. ನನಗೂ ಬೇಸರವೇ. ಆದರೆ ಮರುವಾರ, ಮಾರ್ಚ್ 14ರ ಗುರುವಾರ, ಈ ಎರಡು ಟೀಮು ಎಂ.ಸಿ.ಜಿ.ಯಲ್ಲಿ ಮತ್ತೆ ಎದುರಾದವು. ನಾವೂ ಹೋದೆವು. ಅದೇ ಬ್ಲಾಕಿನಲ್ಲಿ ಟಿಕೆಟ್ ಹುಡುಕಿ ತೆಗೆದಿದ್ದೆ. ನಮಗಿಂತ ಎರಡು ಸಾಲು ಕೆಳಗೆ ಆ ಮಾಸಿದ ನೀಲಿ ಸ್ಕಾರ್ಫ್ ಕಾಣಿಸಿತು. ಮಗಳು ಮೆಟ್ಟಿಲಿಳಿದು ಹೋಗಿ ಮಾತಾಡಿಸಿ ಬಂದಳು.

ಈ ಸಲ ಕಾರ್ಲ್ಟನ್ 5 ಅಂಕದಿಂದ ಗೆದ್ದಿತು. ಸೈರನ್ ಆಯಿತು, ಹಾಡು ಬಂತು. ಹಿರಿಯರು ಎದ್ದು ನಿಂತರು, ಸ್ಕಾರ್ಫನ್ನು ಎರಡೂ ಕೈಯಲ್ಲಿ ತಲೆ ಮೇಲೆ ಎತ್ತಿ ಹಿಡಿದರು. ನಾನು ಚೀಲ ಎತ್ತಿಕೊಂಡು ಹೊರಡೋಣ ಅಂದೆ. ಸೋತ ಕಡೆಯವಳು, ಕಣ್ಣು ಕೆಂಪಾಗಿತ್ತು, ಆದರೂ ಮಗಳು ಏಳಲಿಲ್ಲ.

"ಇರು ಅಮ್ಮ, ಅವರ ಹಾಡು ಮುಗೀಲಿ" ಅಂದಳು.