ನಟನೆ ಬರಲ್ವಾ? ಪರವಾಗಿಲ್ಲ, ಬನ್ನಿ ಆಡೋಣ

ಕೇಳುಗರಿಗೆ ನಮಸ್ಕಾರ.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಂತ ಮೇಜಿನ ಸುತ್ತ ಕೂತು ಆಡುವ ಕಥೆಯಾಟ ಒಂದಿದೆ. ಒಬ್ಬರು ಕಥೆ ಹೇಳುತ್ತಾ ಆಟ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರ ಹಿಡಿದು ಅದು ಏನು ಮಾಡುತ್ತೆ ಅಂತ ಹೇಳುತ್ತಾರೆ, ಅದು ಫಲಿಸುತ್ತೋ ಇಲ್ಲವೋ ಅನ್ನೋದನ್ನು ಹಲವು ಸಲ ದಾಳ ತೀರ್ಮಾನಿಸುತ್ತೆ. ಇದರ ಹೆಸರು ಎತ್ತಿದ ಕೂಡಲೇ ಹಲವರು ಹಿಂದೆ ಸರಿಯುತ್ತಾರೆ. ‘ಅಯ್ಯೋ, ದನಿ ಬದಲಿಸಿ ಮಾಂತ್ರಿಕನ ಥರ ಮಾತಾಡಬೇಕಂತೆ, ನನ್ನ ಕೈಲಾಗಲ್ಲ’ ಅಂತಾರೆ. ಇವತ್ತಿನ ಮಾತು ಅವರಿಗೇ. ನಟನೆ ಬೇಕಿಲ್ಲ. ‘ನನ್ನವನು ಹೀಗೆ ಮಾಡುತ್ತಾನೆ’ ಅಂದರೆ ಸಾಕು. ಚೌಕಾಬಾರದಲ್ಲಿ ಕವಡೆ ಹಾಕುವ ಮುಂಚೆ ಯಾರಾದರೂ ಶಕುನಿಯ ಡೈಲಾಗ್ ಹೊಡೆಯುತ್ತಾರಾ?

1974ರಲ್ಲಿ ಅಮೆರಿಕದಲ್ಲಿ ಈ ಆಟ ಹೊರತಂದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ನಟರೇನಲ್ಲ. ಮೇಜಿನ ಮೇಲೆ ಪುಟ್ಟ ಸೈನಿಕರನ್ನಿಟ್ಟು ಯುದ್ಧದಾಟ ಆಡುತ್ತಿದ್ದವರು. ಮೊದಲ ಪೆಟ್ಟಿಗೆಯ ಮೇಲೂ ಯುದ್ಧದಾಟದ ನಿಯಮಗಳು ಅಂತಲೇ ಅಚ್ಚಾಗಿತ್ತು.

ನಮ್ಮ ಮೇಜಿಗೆ ಒಬ್ಬ ಅಕೌಂಟೆಂಟ್ ಬರುತ್ತಾರೆ. ಮಾತು ಬಹಳ ಕಡಿಮೆ. ಒಂದು ಸಲ ಆಟ ನಡೆಸುತ್ತಿದ್ದವನು ನಾನು. ಕಥೆಯಲ್ಲಿ ಒಂದು ನೆಲಮಾಳಿಗೆ, ಅದರಲ್ಲಿ ಉದ್ದದ ಓಣಿ, ಕೊನೆಗೊಂದು ಕಬ್ಬಿಣದ ಬಾಗಿಲು. ನಮ್ಮ ನಾಟಕದ ಹುಡುಗರು ಶುರು ಹಚ್ಚಿಕೊಂಡರು. ಒಬ್ಬ ಗಡಸು ದನಿಯಲ್ಲಿ ತನ್ನ ವಂಶಾವಳಿ ಹೇಳಿದ. ಇನ್ನೊಬ್ಬ ಬಾಗಿಲಿಗೇ ಸವಾಲು ಹಾಕಿದ. ಚೆನ್ನಾಗಿಯೇ ಇತ್ತು ಅನ್ನಿ, ಆದರೆ ಬಾಗಿಲಿಗೆ ಕಿವಿ ಇರಬೇಕಲ್ಲ! ಅಕೌಂಟೆಂಟ್ ಮಾತ್ರ ತಮ್ಮ ಪಾತ್ರದ ಹಾಳೆಯಲ್ಲಿದ್ದ ಸಾಮಾನಿನ ಪಟ್ಟಿ ಓದುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ, ‘ನನ್ನವನು ನೀರಿನ ಚೀಲ ಬಿಚ್ಚಿ ನೆಲಕ್ಕೆ ಸುರಿಯುತ್ತಾನೆ. ನೀರು ಎಲ್ಲಿಗೆ ಹೋಗುತ್ತೆ?’ ಅಂದರು. ನಾನು ಹೇಳಲೇಬೇಕಾಯಿತು. ಓಣಿಯ ನಡುವೆ ನಾಲ್ಕು ಕಲ್ಲುಗಳ ಸಂದಿಯಲ್ಲಿ ನೀರು ಸರ್ರನೆ ಇಳಿದುಹೋಯಿತು. ಅಂದರೆ ಕೆಳಗೆ ಗುಂಡಿ! ‘ಹಾಗಾದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೋಡೆ ಪಕ್ಕ ನಡೀತಾನೆ’ ಅಂದರು. ಅಷ್ಟೇ. ದಾಳ ಕೂಡ ಹಾಕಲಿಲ್ಲ. ನಾನು ಆಸೆಪಟ್ಟು ತೋಡಿಟ್ಟ ಗುಂಡಿಗೆ ಒಬ್ಬರೂ ಬೀಳಲಿಲ್ಲ. ಅವತ್ತು ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವರು ಅವರೇ. ಎಲ್ಲಿ ಬಂತು ನಟನೆ?

ಗಾಜಿನ ಆಚೆಯಿಂದ ಕೈಸನ್ನೆ ಬರುತ್ತಿದೆ, ಬೇಗ ಮುಗಿಸುತ್ತೇನೆ. ಕಾದಾಟ ಬಂತಾ? ಇಪ್ಪತ್ತು ಮುಖದ ದಾಳ ಉರುಳಿಸಿ, ಬಂದ ಅಂಕಕ್ಕೆ ನಿಮ್ಮ ಪಾತ್ರದ ದಾಳಿಯ ಬೋನಸ್ ಕೂಡಿಸಿ. ಎದುರಾಳಿಯ ರಕ್ಷಣೆಯ ಅಂಕ ಮುಟ್ಟಿದರೆ ಏಟು ಬಿತ್ತು. ವ್ಯಾಪಾರಿ ಹತ್ತಿರ ಚೌಕಾಸಿಯಾ? ‘ನನ್ನವನು ಅರ್ಧ ಬೆಲೆಗೆ ಕೇಳುತ್ತಾನೆ’ ಅನ್ನಿ, ದಾಳ ಹಾಕಿ. ‘ದನಿ ಮಾಡಿ ಹೇಳು’ ಅಂತ ಯಾರಾದರೂ ಪೀಡಿಸಿದರೆ ಸುಮ್ನೆ ಬೇರೆ ಮೇಜು ನೋಡಿಕೊಳ್ಳಿ. ಆಟ ನಡೆಸುವವರೇ ಬೇಡ ಅಂದರೆ 2017ರ ‘ಗ್ಲೂಮ್‌ಹೇವನ್’ ಅನ್ನೋ ಪೆಟ್ಟಿಗೆಯಾಟ ಇದೆ. ಅದರಲ್ಲಿ ದಾಳವೂ ಇಲ್ಲ, ಎಲ್ಲ ಕಾರ್ಡಿನ ಲೆಕ್ಕಾಚಾರ. ಪೆಟ್ಟಿಗೆ ಮಾತ್ರ ಹೊರಲಾರದಷ್ಟು ಭಾರ, ದುಬಾರಿ ಬೇರೆ.

ಮೊದಲ ದಿನವೇ ಮಾಂತ್ರಿಕನನ್ನು ಆರಿಸಬೇಡಿ, ಮಂತ್ರಗಳ ಪಟ್ಟಿ ಓದುವಷ್ಟರಲ್ಲಿ ಸಾಕುಸಾಕಾಗುತ್ತದೆ. ಕತ್ತಿ ಹಿಡಿದವನೇ ಇರಲಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳು ಇಂಟರ್‌ನೆಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ದಾಳ ಇಲ್ಲದಿದ್ದರೆ ಮೊಬೈಲ್‌ನಲ್ಲೇ ಉರುಳಿಸಬಹುದು. ನಮಸ್ಕಾರ.