ಭರಣಿ ತುಂಬಿದ ಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ಶಿವರಾತ್ರಿ ಕಳೀತು ಅಂದರೆ ಸಾಗರ, ಸಿದ್ದಾಪುರ, ಶಿರಸಿ, ಹೊಸನಗರದ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಮಿಡಿ ಬಂತಾ? ನೂರಕ್ಕೆ ಎಷ್ಟಂತೆ?" ಅಪ್ಪೆಮಿಡಿ ಅಂದರೆ ಉಪ್ಪಿನಕಾಯಿಗೆ ಹಾಕುವ, ಘಮಘಮಿಸುವ ಎಳೆಯ ಮಾವಿನಕಾಯಿ. ಅದರ ವ್ಯಾಪಾರ ಹೆಚ್ಚಾಗಿ ಲೆಕ್ಕದ ಮೇಲೆ ನಡೆಯುತ್ತದೆ, ತಕ್ಕಡಿಗೆ ಅಲ್ಲಿ ಕೆಲಸ ಕಡಿಮೆ.

ಅಘನಾಶಿನಿ, ಶರಾವತಿ, ವರದೆಯಂಥ ಹೊಳೆಗಳ ದಂಡೆಯಲ್ಲಿ ತಾನಾಗಿ ಬೆಳೆದ ಮರಗಳಿವೆ. ಒಂದೊಂದು ಮರದ ಕಾಯಿಗೂ ಒಂದೊಂದು ಪರಿಮಳ. ಒಂದಕ್ಕೆ ಜೀರಿಗೆಯ ಘಮ, ಇನ್ನೊಂದಕ್ಕೆ ಕರ್ಪೂರದ್ದು. ಈ ಮಿಡಿಗೆ ಜಿಐ, ಅಂದರೆ ಇದು ಈ ನೆಲದ್ದೇ ಎಂದು ಗುರುತಿಸುವ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಆದರೆ ಮನೆಯಲ್ಲಿ ಉಪ್ಪಿನಕಾಯಿ ಹಾಕುವವರು ಮಾನ್ಯತೆ ಕೇಳುವುದಿಲ್ಲ. ತೊಟ್ಟು ಮುರಿದು ಮೂಗಿಗೆ ಹಿಡಿಯುತ್ತಾರೆ, ಅಷ್ಟೇ.

ಆಮೇಲೆ ಒಂದು ಮಿಡಿಯನ್ನು ಸೀಳಿ ನೋಡುತ್ತಾರೆ. ಚಾಕು ಸರಾಗವಾಗಿ ಇಳಿಯಬೇಕು. ಒಳಗೆ ಗೊರಟು ಕಟ್ಟಿದ್ದರೆ ಆ ಕಾಯಿ ಬೇಡ. ನೆಲಕ್ಕೆ ಬಿದ್ದು ಪೆಟ್ಟಾದದ್ದೂ ಬೇಡ. ಅಂಥದ್ದು ಒಂದೇ ಒಂದು ಸೇರಿದರೂ ಕೊಳೆತು ಪಕ್ಕದವನ್ನೂ ಕೆಡಿಸುತ್ತದೆ. ತೊಟ್ಟನ್ನು ಚೂರು ಉಳಿಸಿಕೊಳ್ಳಬೇಕು. ಪರಿಮಳ ಇರುವುದೇ ಸೊನೆಯಲ್ಲಿ, ಅದು ಸೋರಿಹೋಗಬಾರದಲ್ವಾ?

ತೊಳೆದು, ಬಟ್ಟೆಯ ಮೇಲೆ ಹರಡಿ, ನೀರಿನ ಪಸೆ ಪೂರ್ತಿ ಆರಿದ ಮೇಲೆ ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ದಿನಾ ಒಮ್ಮೆ ಭರಣಿಯನ್ನು ಕುಲುಕಬೇಕು. ಉಪ್ಪು ಕಾಯಿಯೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಉಬ್ಬಿಕೊಂಡಿದ್ದ ಹಸಿರು ಮಿಡಿ ವಾರ, ಹತ್ತು ದಿನದಲ್ಲಿ ಮುರುಟಿ, ಬಣ್ಣ ಮಾಸಿ, ತನ್ನದೇ ನೀರಿನಲ್ಲಿ ಮುಳುಗಿರುತ್ತದೆ. ಅಷ್ಟು ಉಪ್ಪು, ಅಷ್ಟು ಹುಳಿ ಇದ್ದಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳ ಆಟ ನಡೆಯುವುದಿಲ್ಲ. ಆ ಉಪ್ಪುನೀರನ್ನು ಸೋಸಿ, ಕುದಿಸಿ, ಪೂರ್ತಿ ತಣಿಸಿ, ಅದರಲ್ಲೇ ಒಣಮೆಣಸು, ಸಾಸಿವೆ, ಅರಿಸಿನ ರುಬ್ಬಿ ಬೆರೆಸುತ್ತಾರೆ. ಹಸಿ ಸಾಸಿವೆಯ ಆ ಮೂಗಿಗೆ ಹೊಡೆಯುವ ಖಾರವೂ ಕಾವಲಿಗೆ ನಿಲ್ಲುತ್ತದೆ. ಎಣ್ಣೆಯ ಹನಿಯೂ ಇಲ್ಲದೆ ಈ ಉಪ್ಪಿನಕಾಯಿ ವರ್ಷ ದಾಟುತ್ತದೆ. ಒದ್ದೆ ಸೌಟು ಮಾತ್ರ ಅದರ ಹತ್ತಿರ ಸುಳಿಯಬಾರದು.

ಅಂಗಡಿಯಲ್ಲಿ ಸಿಗುವುದಿಲ್ವಾ ಅಂತ ಕೇಳುವವರಿದ್ದಾರೆ. ಸಿಗುತ್ತದೆ, ಕೆಲವು ಚೆನ್ನಾಗಿಯೂ ಇರುತ್ತವೆ. ಸೊಂಟ ನೋವು, ಮೆಣಸಿನ ಉರಿ ಎಲ್ಲ ಲೆಕ್ಕ ಹಾಕಿದರೆ ಮನೆಯದ್ದು ಅಗ್ಗವೂ ಅಲ್ಲ. ಆದರೆ ಆಷಾಢದಲ್ಲಿ ಮಳೆ ಜಡಿ ಹಿಡಿದು, ಪೇಟೆಗೆ ಹೋಗಲು ದಾರಿಯಿಲ್ಲದೆ, ಹಿತ್ತಲಲ್ಲಿ ಕೆಸುವಿನ ಸೊಪ್ಪು ಬಿಟ್ಟರೆ ಬೇರೇನೂ ಇಲ್ಲದ ದಿನ ಬರುತ್ತದೆ. ಅವತ್ತು ಗಂಜಿಯ ಪಕ್ಕ ಒಂದು ಮಿಡಿ ಬಿದ್ದರೆ ಮಕ್ಕಳು ತಕರಾರಿಲ್ಲದೆ ಉಣ್ಣುತ್ತಾರೆ. ಅದರಲ್ಲಿ ಏನಿದೆ, ಏನಿಲ್ಲ ಅನ್ನುವುದು ಹಾಕಿದವರಿಗೆ ಪೂರ್ತಿ ಗೊತ್ತು. ಈ ನೆಮ್ಮದಿಗೆ ಬೆಲೆ ಕಟ್ಟುವುದು ನನಗಂತೂ ಬರುವುದಿಲ್ಲ. ಪುತ್ತೂರು, ಸುಳ್ಯದ ಕಡೆ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವವರಿಗೂ ಇದು ಗೊತ್ತಿರುವ ಸಂಗತಿಯೇ. ಮಳೆಗಾಲದಲ್ಲಿ ಬೇಕಾದಷ್ಟು ತೆಗೆದು, ನೀರಲ್ಲಿ ನೆನೆಸಿ ಉಪ್ಪು ಬಿಡಿಸಿದರೆ ಪಲ್ಯಕ್ಕಾಯಿತು, ರೊಟ್ಟಿಗಾಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಈಗ ವಿಡಿಯೋ ನೋಡಿ ಬೇಯಿಸಿದ ಬೀನ್ಸ್, ಕಾಳು, ಸಾರನ್ನು ಗಾಜಿನ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ತಿಂಗಳುಗಟ್ಟಲೆ ಹೊರಗೆ ಇಡುವ ಹುಚ್ಚು ಶುರುವಾಗಿದೆ. ಹುಳಿಯೂ ಇಲ್ಲದ, ಉಪ್ಪೂ ಕಡಿಮೆ ಇರುವ ಅಡುಗೆಯಲ್ಲಿ ಗಾಳಿಯಾಡದಿದ್ದರೆ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಬಹುದು. ರುಚಿ, ವಾಸನೆಯಿಂದ ಗೊತ್ತಾಗದೆಯೂ ಇರಬಹುದು. ಅದರ ಬೀಜಾಣು ಬರೀ ಕುದಿಯುವ ನೀರಿಗೆ ಜಗ್ಗುವುದಿಲ್ಲ. ಒತ್ತಡದಲ್ಲಿ 116 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಶಾಖ ಬೇಕು, ಅದಕ್ಕೆಂದೇ ಮಾಡಿದ ಪಾತ್ರೆ ಬೇಕು. ಅದಿಲ್ಲ ಅಂದರೆ ಸುಮ್ನೆ ಆ ಸಾಹಸ ಬೇಡ. ಹಾಗೆಯೇ, ರಕ್ತದೊತ್ತಡ ಇರುವವರು ಉಪ್ಪಿನಕಾಯಿಯ ರಸಕ್ಕೆ ಅನ್ನ ಕಲಸುವ ಆಸೆಯನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಬೇಕು. ಕಷ್ಟ, ನನಗೂ ಗೊತ್ತು!

ಈ ನಡುವೆ ಮಿಡಿ ಕೊಯ್ಯುವ ಅವಸರಕ್ಕೆ ಕೊಂಬೆಗಳನ್ನೇ ಕಡಿದು ಉರುಳಿಸುವವರೂ ಇದ್ದಾರೆ. ಹೀಗೆ ಹೊಳೆದಂಡೆಯ ಹಳೇ ಮರಗಳು ಸೊರಗುತ್ತಿವೆ. ಒಳ್ಳೆಯ ತಳಿಗಳ ಕಸಿ ಗಿಡಗಳು ಮಲೆನಾಡಿನ ನರ್ಸರಿಗಳಲ್ಲಿ ಸಿಗುತ್ತವೆ. ಹಿತ್ತಲಲ್ಲಿ ಜಾಗ ಇದ್ದವರು ಮುಂಗಾರು ಹಿಡಿದ ಕೂಡಲೇ ಒಂದು ನೆಟ್ಟುಬಿಡಿ. ತರುವಾಗ ಯಾವ ಪರಿಮಳದ್ದು ಅಂತ ಕೇಳಿಯೇ ತನ್ನಿ.

ನಮಸ್ಕಾರ.