ಏಳಕ್ಕಂದ್ರ ಏಳಕ್ಕೇ ಬರಲಿ ಕಸದ ಗಾಡಿ

ಕೇಳುಗ ಬಂಧುಗಳಿಗೆ ನಮಸ್ಕಾರ. ರೊಟ್ಟಿ ಬಡಿಯುತ್ತ ರೇಡಿಯೊ ಹಚ್ಚಿಕೊಂಡ ಅಕ್ಕಂದಿರಿಗೆ ಇನ್ನೊಂದು ನಮಸ್ಕಾರ. ಈ ಮಾತು ಹೆಚ್ಚಾಗಿ ನಿಮಗೇ ಸಂಬಂಧಪಟ್ಟದ್ದು.

ಊರಿನ ಕಸದ ಬಗ್ಗೆ ನಾನು ಹೇಳುವುದು ಒಂದೇ. ಗಾಡಿ ದಿನಾ ಒಂದೇ ಹೊತ್ತಿಗೆ ಬರಬೇಕು. ಮಂದಿ ಮೂಲೆಯಲ್ಲಿ ಚೆಲ್ಲುತ್ತಾರೆ ಅಂತ ಬೈಯುವುದು ಸುಲಭ. ಇವತ್ತು ಏಳಕ್ಕೆ, ನಾಳೆ ಹನ್ನೊಂದಕ್ಕೆ, ನಾಡಿದ್ದು ಬರಲೇ ಇಲ್ಲ ಅಂದರೆ ನೌಕರಿಗೆ ಹೋಗುವವರು ಏನು ಮಾಡಬೇಕು? ನಮ್ಮ ಕಲಬುರಗಿಯ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಉಳಿದ ಅನ್ನ, ಸಾರು ಸಂಜೆಯೊಳಗೆ ನಾರುತ್ತವೆ. ಮನೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ?

ನಾನು ಊರಿನ ಕಸ ಎತ್ತಿಸುವ ನೌಕರಿಯಲ್ಲಿದ್ದಾಗ ಒಂದು ಓಣಿಯ ಮೂಲೆಯ ತೊಟ್ಟಿ ತೆಗೆಸಿದೆವು. ಮರುದಿನ ಅದೇ ಜಾಗದಲ್ಲಿ ಕಸ. ಬೋರ್ಡು ನೆಟ್ಟೆವು, ಬೋರ್ಡಿನ ಬುಡಕ್ಕೇ ಕಸ. ಕೊನೆಗೆ ಡ್ರೈವರಿಗೆ ಹೇಳಿದೆ, ‘ಏಳಕ್ಕೆ ಆ ಬೇವಿನ ಗಿಡದ ಕೆಳಗ ನಿಲ್ಲಪ್ಪ, ಮಂದಿ ಬರಲಿ ಬಿಡಲಿ.’ ಮೊದಲ ದಿನ ಮೂರೇ ಮಂದಿ. ಅವ ಬಿಡದೆ ಬಂದ. ಹತ್ತನೇ ದಿನ ನೋಡುತ್ತೇನೆ, ಗಾಡಿ ಸಪ್ಪಳ ಕೇಳಿದ್ದೇ ಒಬ್ಬ ಆಯಿ ಹಂಚು ಇಳಿಸಿ, ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ ಬಕೆಟ್ ಹಿಡಿದು ಬಂದರು. ಬಕೆಟ್ಟಿನಲ್ಲಿ ಪುಂಡಿಪಲ್ಯದ ದಂಟು, ಉಳ್ಳಾಗಡ್ಡಿ ಸಿಪ್ಪೆ. ಪ್ಲಾಸ್ಟಿಕ್ ಒಂದು ಚೂರೂ ಇಲ್ಲ. ‘ಗಾಡಿ ಬರ್ತದಂತ ಖಾತ್ರಿ ಆಗ್ಯಾದ ಸಾಹೇಬ್ರ, ಅದಕ್ಕ ಹಾಲಿನ ಪಾಕೀಟ ತೊಳದು ಬ್ಯಾರೆ ಇಟ್ಟೀನ್ರಿ’ ಅಂದರು. ಗಮನಿಸಿ, ಆ ಆಯಿಗೆ ಯಾರೂ ಭಾಷಣ ಮಾಡಿರಲಿಲ್ಲ. ಹೊತ್ತು ಗೊತ್ತಾಗಿತ್ತು, ಅಷ್ಟೇ.

ಇದೇನು ಆಗದ ಕೆಲಸವಲ್ಲ. ಮನೆಗೆ ಅರ್ಧ ನಿಮಿಷದಂತೆ 400 ಮನೆಗೆ 200 ನಿಮಿಷ. ಏಳಕ್ಕೆ ಹೊರಟ ಗಾಡಿ ಹತ್ತೂವರೆಯೊಳಗೆ ಮುಗಿಸುತ್ತದೆ. ಯಾವ ಓಣಿಗೆ ಎಷ್ಟು ಗಂಟೆಗೆ ಅಂತ ಗೋಡೆಗೆ ಬರೆಸಿ.

ಹಸಿ ಕಸ, ಒಣ ಕಸ, ಅಪಾಯದ ಕಸ ಬೇರೆ ಬೇರೆ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ಆದರೆ ಗಾಡಿಯಲ್ಲೂ ಬೇರೆ ಬೇರೆ ಖಾನೆ ಇರಬೇಕಲ್ಲ! ನೀವು ವಿಂಗಡಿಸಿ ಕೊಟ್ಟದ್ದನ್ನು ಕಣ್ಣೆದುರೇ ಒಂದರ ಮೇಲೊಂದು ಸುರಿದರೆ ನಾಳೆ ಯಾರು ವಿಂಗಡಿಸುತ್ತಾರೆ? ಇನ್ನು ಒಡೆದ ಗಾಜು, ಬ್ಲೇಡು ದಯವಿಟ್ಟು ಕಾಗದದಲ್ಲಿ ಸುತ್ತಿ ಕೊಡಿ, ಪೌರಕಾರ್ಮಿಕರ ಕೈ ಕೊಯ್ಯುತ್ತವೆ.

ನಾಳೆಯಿಂದ ಒಂದು ವಾರ ಗಾಡಿ ಬಂದ ಹೊತ್ತನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಆ ಹಾಳೆ ಹಿಡಿದುಕೊಂಡು ನಿಮ್ಮ ವಾರ್ಡಿನ ಸದಸ್ಯರ ಮನೆಗೆ ಹೋಗಿ. ನಮಸ್ಕಾರ.